ಹಲಗೆಯಿಂದ ಶೀಟಿಗೆ: ಗರಗಸದ ಬೀಡಿನ ಮೇಜು ಅಗಲವಾದ ಬಗೆ

ಮರ ಕೊಯ್ಯುವ ಯಂತ್ರಗಳ ಚರಿತ್ರೆಯನ್ನು ಬ್ಲೇಡಿನಿಂದ ಆರಂಭಿಸುವುದು ವಾಡಿಕೆ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಸ್ಯಾಮ್ಯುಯೆಲ್ ಮಿಲ್ಲರ್ 1777ರಲ್ಲಿ ಪಡೆದ ಪೇಟೆಂಟಿನಲ್ಲಿ ದುಂಡು ಗರಗಸದ ಪ್ರಸ್ತಾಪವಿದೆ. 1793ರಲ್ಲಿ ಸ್ಯಾಮ್ಯುಯೆಲ್ ಬೆಂಥಮ್ ಮರಗೆಲಸದ ಯಂತ್ರಗಳಿಗೆ ವಿಸ್ತಾರವಾದ ಪೇಟೆಂಟನ್ನೇ ಪಡೆದ. ಅಲ್ಲಿಂದ ಮುಂದಕ್ಕೆ ಹಲ್ಲಿನ ಆಕಾರ, ಉಕ್ಕಿನ ಗುಣ, ಕಾರ್ಬೈಡ್ ತುದಿ ಎಂದು ಕಥೆ ಬ್ಲೇಡಿನ ಸುತ್ತಲೇ ತಿರುಗುತ್ತದೆ. ಮರವನ್ನು ಹೊತ್ತು ನಿಲ್ಲುವ ಮೇಜಿನ ಬಗ್ಗೆ ಬರೆದವರು ಕಡಿಮೆ. ಆ ಮೇಜಿಗೂ ತನ್ನದೇ ಚರಿತ್ರೆಯಿದೆ. ಮೇಜಿನ ಮೇಲೆ ಬಂದು ಬೀಳುವ ಸರಕು ಬದಲಾದಂತೆಲ್ಲ ಮೇಜಿನ ಅಗಲವೂ ಬದಲಾಗಿದೆ ಎಂಬುದು ಈ ಲೇಖನದ ವಾದ. ಅದನ್ನು ಪರಿಶೀಲಿಸಲು ಪಶ್ಚಿಮ ಬೆಂಗಳೂರಿನ ಹೊಸಹಳ್ಳಿ ಮತ್ತು ಅದರ ಸುತ್ತಲಿನ ಪ್ರದೇಶ ಒಳ್ಳೆಯ ಜಾಗ. ಮರದ ಕೆಲಸವೂ ಕಬ್ಬಿಣದ ಕೆಲಸವೂ ಇಲ್ಲಿ ಒಂದೆರಡು ಮೈಲಿಯೊಳಗೇ ಬೆಳೆದವು.

ಪ್ಲೈವುಡ್ ಬರುವ ಮುನ್ನ ಬಡಗಿಯ ಕೈಗೆ ಸಿಗುತ್ತಿದ್ದ ಮರದ ಅಳತೆಗಳನ್ನು ಮೊದಲು ನೆನೆಯಬೇಕು. ಬಾಗಿಲ ಚೌಕಟ್ಟಿಗೆ 5×3 ಅಥವಾ 4×3 ಇಂಚಿನ ಮರ, ಕಿಟಕಿಗೆ ಅದಕ್ಕಿಂತ ಸಣ್ಣದು, ಚಾವಣಿಗೆ ರೀಪು, ಬಾಗಿಲಿನ ಹಲಗೆ ಒಂದಡಿ ಅಗಲ ಸಿಕ್ಕರೆ ಅದೇ ದೊಡ್ಡದು. ದಿಮ್ಮಿಯನ್ನು ಹಲಗೆ ಮಾಡುವ ಭಾರದ ಕೆಲಸ ಸಾಮಿಲ್ಲಿನದು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಂಥ ಕಡೆ ಸೀಳಿಸಿಕೊಂಡು ತಂದ ಮರವನ್ನು ಅಂಗಡಿಯ ಯಂತ್ರದಲ್ಲಿ ಮತ್ತೊಮ್ಮೆ ಸೈಜಿಗೆ ತರುವುದಷ್ಟೇ ಬಡಗಿಯ ಪಾಲಿಗೆ ಉಳಿಯುತ್ತಿತ್ತು. ಹತ್ತಡಿ ಉದ್ದದ, ಅರ್ಧ ಅಡಿ ಅಗಲದ ಮರಕ್ಕೆ ಬೇಕಾದ ಆಸರೆ ಹಿಂದೆ ಮುಂದೆ, ಅಕ್ಕಪಕ್ಕದಲ್ಲಲ್ಲ. ಹಾಗಾಗಿ ಎರಡಡಿ ಚಿಲ್ಲರೆ ಅಗಲದ ಮೇಜು ಸಾಕಾಗಿತ್ತು. ಹೊರಬರುವ ಮರದ ತುದಿಯನ್ನು ಹಿಡಿಯಲು ಒಬ್ಬ ಹುಡುಗ ನಿಲ್ಲುತ್ತಿದ್ದ.

ಯಂತ್ರ ಅಂಗಡಿಯೊಳಕ್ಕೆ ಬರಲು ಕರೆಂಟು ಬೇಕು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ತಲುಪಿತು. ಆದರೆ ಒಂದು ಸಣ್ಣ ಮರದಂಗಡಿ ತನ್ನದೇ ಮೋಟರು ಇಟ್ಟುಕೊಳ್ಳುವಂತಾಗಲು ಮೋಟರುಗಳು ಇಲ್ಲೇ ತಯಾರಾಗಬೇಕಿತ್ತು. 1946ರಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಂಪನಿ ಬೆಂಗಳೂರಿನಲ್ಲಿ ಹುಟ್ಟಿತು. ಅದರ ಕಾರ್ಖಾನೆ ಮಲ್ಲೇಶ್ವರ–ರಾಜಾಜಿನಗರದ ಗಡಿಯಲ್ಲಿತ್ತು. ಸಿ. ರಾಜಗೋಪಾಲಾಚಾರಿಯವರ ಹೆಸರು ಹೊತ್ತ ರಾಜಾಜಿನಗರಕ್ಕೆ 1949ರಲ್ಲಿ ಅಡಿಗಲ್ಲು ಬಿತ್ತು. ಅದು ಮನೆಗಳ ಜೊತೆಗೆ ಕೈಗಾರಿಕೆಗಳಿಗೂ ಜಾಗವಿಟ್ಟು ಮಾಡಿದ ಬಡಾವಣೆ. ಮುಂದೆ ಮಾಗಡಿ ರಸ್ತೆಯುದ್ದಕ್ಕೂ ಕಾಮಾಕ್ಷಿಪಾಳ್ಯ, ಸುಂಕದಕಟ್ಟೆಗಳ ಕಡೆಗೆ ಲೇತ್, ಶೇಪರ್, ಡ್ರಿಲ್ಲಿಂಗ್ ಯಂತ್ರಗಳ ಸಣ್ಣ ಶೆಡ್ಡುಗಳು ಹಬ್ಬಿದವು. ಹಳೆಯ ಹೊಸಹಳ್ಳಿಯ ಸುತ್ತ ವಿಜಯನಗರ ಬೆಳೆಯಿತು. ಸಾಲು ಸಾಲಾಗಿ ಏಳುತ್ತಿದ್ದ ಮನೆಗಳಿಗೆ ಬಾಗಿಲು, ಕಪಾಟು, ಅಡುಗೆಮನೆಯ ಷೆಲ್ಫು ಬೇಕಾಗಿದ್ದವು. ಮೇಜಿಗೆ ತೂತು ಕೊರೆದು, ಆಂಗಲ್ ಕತ್ತರಿಸಿ ಕೊಡುವವನು ಅದೇ ರಸ್ತೆಯಲ್ಲಿದ್ದ. ಇಲ್ಲಿನ ಅಂಗಡಿಗಳು ಮೇಜನ್ನು ತಾವೇ ಅಗಲ ಮಾಡಿಕೊಳ್ಳಲು ಸಾಧ್ಯವಾದುದಕ್ಕೆ ಈ ನೆರೆಹೊರೆಯನ್ನು ನಾನು ಮುಖ್ಯ ಕಾರಣವೆಂದು ಎಣಿಸುತ್ತೇನೆ.

ಮೇಜಿಗೆ ಬೀಡು, ಅಂದರೆ ಎರಕದ ಕಬ್ಬಿಣ, ಯಾಕೆ? ಬೂದು ಬೀಡಿನಲ್ಲಿ ಇಂಗಾಲದ ಪಾಲು ನೂರಕ್ಕೆ ಎರಡೂವರೆಯಿಂದ ನಾಲ್ಕರಷ್ಟು. ಅದರ ಹೆಚ್ಚಿನ ಭಾಗ ಗ್ರಾಫೈಟಿನ ತೆಳು ಪದರಗಳಾಗಿ ಲೋಹದೊಳಗೆ ಹರಡಿಕೊಂಡಿರುತ್ತದೆ. ಮೋಟರಿನ ನಡುಕವನ್ನು ಆ ಪದರಗಳು ಹೀರುತ್ತವೆ. ಯಂತ್ರದಲ್ಲಿ ಕೆತ್ತಲೂ ಬೀಡು ಸುಲಭ, ಉಜ್ಜಿದರೆ ಕನ್ನಡಿಯಂಥ ಮೈ ಬರುತ್ತದೆ. ಒಂದು ಕೇಡೂ ಇದೆ. ಅಚ್ಚಿನಲ್ಲಿ ತೆಳುಭಾಗ ಬೇಗ ಆರಿ ದಪ್ಪಭಾಗ ತಡವಾಗಿ ಆರುವುದರಿಂದ ಎರಕದೊಳಗೆ ಬಿಗುವು ಉಳಿಯುತ್ತದೆ. ಅದು ಸಡಿಲಗೊಳ್ಳುವ ಮೊದಲೇ ಮೇಲ್ಮೈ ಸಮ ಮಾಡಿದರೆ ಕೆಲವು ತಿಂಗಳಲ್ಲಿ ಮೇಜು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ. ಅದಕ್ಕೇ ಹಿಂದಿನ ಕಾರ್ಖಾನೆಗಳಲ್ಲಿ ಎರಕಗಳನ್ನು ಬಯಲಿನಲ್ಲಿ ಮಳೆ ಬಿಸಿಲಿಗೆ ಬಿಟ್ಟು ಹದಗೊಳಿಸುತ್ತಿದ್ದರು.

ಬೀಡು ಕರ್ನಾಟಕಕ್ಕೆ ಮೊದಲು ಹಡಗಿನಲ್ಲಿ ಬಂತು. 1889ರ ಲಾಲ್‌ಬಾಗ್ ಗಾಜಿನಮನೆಯ ಎರಕದ ಭಾಗಗಳು ಗ್ಲಾಸ್ಗೋದವು. ನಮ್ಮದೇ ಬೀಡು ಸಿಕ್ಕಿದ್ದು ಭದ್ರಾವತಿಯಲ್ಲಿ. 1923ರ ಜನವರಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿತು, ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ನಷ್ಟದಿಂದ ಎತ್ತಿದರು. ಕೆಮ್ಮಣ್ಣುಗುಂಡಿಯ ಅದಿರನ್ನು ಅಲ್ಲಿ ಕರಗಿಸಿದ್ದು ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ. ಇದ್ದಿಲಿನಲ್ಲಿ ಗಂಧಕ ಕಡಿಮೆಯಾದ್ದರಿಂದ ಆ ಬೀಡಿಗೆ ಎರಕದ ಕೆಲಸದಲ್ಲಿ ಬೆಲೆಯಿತ್ತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಬಂದ ಮೇಲೆ ಬೀಡಿನ ಹಾಸನ್ನು ಸಮ ಮಾಡುವ, ಸ್ಕ್ರೇಪಿಂಗ್ ಮಾಡುವ, ನೀಲಿ ಬಳಿದು ಮಟ್ಟ ನೋಡುವ ವಿದ್ಯೆ ಈ ನಾಡಿನ ಸಾವಿರಾರು ಕೆಲಸಗಾರರ ಕೈಗೆ ಹತ್ತಿತು. ಆ ಕಾರ್ಖಾನೆಗಳು ಲೋಹ ಕೆತ್ತುವ ಯಂತ್ರಗಳಿಗೆ ಹೆಸರಾದವು. ಮರಗೆಲಸದ ಅಗ್ಗದ ಯಂತ್ರಗಳು ಪಂಜಾಬ್, ಗುಜರಾತ್, ಕೊಯಮತ್ತೂರುಗಳಿಂದ ಬಂದವು. ಬೆಂಗಳೂರಿನಲ್ಲಿ ಅವನ್ನು ಸಿಲ್ವರ್ ಜೂಬಿಲಿ ಪಾರ್ಕ್ ರಸ್ತೆಯ ಹಾರ್ಡ್‌ವೇರ್ ಪೇಟೆಯಲ್ಲಿ ಕೊಳ್ಳಬಹುದಿತ್ತು. ಆದರೆ ಹದಗೆಟ್ಟ ಮೇಜನ್ನು ಸರಿ ಮಾಡುವ ಕಣ್ಣು ಮತ್ತು ಕೈ ಇಲ್ಲಿಯವು.

ಮೇಜು ಅಗಲವಾಗಲು ಯಂತ್ರದ ಒಳಗೇ ಒಂದು ಬದಲಾವಣೆ ಆಗಬೇಕಿತ್ತು. ಹಳೆಯ ಯಂತ್ರಗಳಲ್ಲಿ ಓರೆ ಕೊಯ್ತಕ್ಕೆ ಮೇಜನ್ನೇ ವಾಲಿಸುತ್ತಿದ್ದರು. ವಾಲುವ ಮೇಜಿಗೆ ನಾಲ್ಕಡಿಯ ಪಕ್ಕದ ಮೇಜು ಜೋಡಿಸಿದರೆ ಒಂದು ಕಡೆ ನೆಲಕ್ಕೆ ಬಡಿಯುತ್ತದೆ. ಮೇಜು ಅಲುಗದೆ ಬ್ಲೇಡು ವಾಲುವ ವ್ಯವಸ್ಥೆ ಬಂದ ಮೇಲೆಯೇ ಅಗಲಕ್ಕೆ ದಾರಿ ತೆರೆಯಿತು. ಆ ವ್ಯವಸ್ಥೆಯನ್ನು ಸಣ್ಣ ಮರದಂಗಡಿಗಳವರೆಗೆ ಮುಟ್ಟಿಸಿದ ಯಂತ್ರಗಳಲ್ಲಿ ಅಮೆರಿಕದ ಮಿಲ್ವಾಕಿಯ ಡೆಲ್ಟಾ ಕಂಪನಿ 1939ರಲ್ಲಿ ತಂದ ಹತ್ತು ಇಂಚಿನ ಯೂನಿಸಾ ಮುಖ್ಯವಾದದ್ದು. ಅದರ ನಡುಮೇಜಿನ ಎರಡೂ ಬದಿಗೆ ಬೀಡಿನ ಪಕ್ಕದ ತುಂಡುಗಳನ್ನು ಬೋಲ್ಟಿನಿಂದ ಬಿಗಿಯುತ್ತಿದ್ದರು. ನಂತರ ಬಂದ, ಕೊಯ್ತದ ಅಗಲ ನಿಗದಿಮಾಡುವ ಗೈಡು ಜಾರುವ ಉದ್ದ ಪಟ್ಟಿಗಳು ಬ್ಲೇಡಿನ ಬಲಕ್ಕೆ 50 ಇಂಚಿನವರೆಗೆ ಹೋದವು. ಎರಡು ಅಳತೆಗಳು ಅಲ್ಲಿ ನೆಲೆಯೂರಿದವು: ಚಿಕ್ಕದು ಸುಮಾರು 25 ಇಂಚು, ದೊಡ್ಡದು 50 ಇಂಚು. ಈ ಅಂಕೆಗಳ ಗುಟ್ಟು ಪ್ಲೈವುಡ್ ಶೀಟಿನಲ್ಲಿದೆ. 8×4 ಅಡಿಯ ಶೀಟಿನ ಅಗಲ 48 ಇಂಚು. ಅದನ್ನು ಉದ್ದಕ್ಕೆ ಎರಡು ಪಾಲು ಮಾಡಲು 24 ಇಂಚು ಬೇಕು. ತಿರುಗಿಸದೆಯೇ ಯಾವ ಅಳತೆಗಾದರೂ ಕೊಯ್ಯಲು 48 ಬೇಕು. ಎರಡಕ್ಕೂ ಒಂದೆರಡು ಇಂಚು ಹೆಚ್ಚಿಗೆ ಸೇರಿಸಿದರೆ 25 ಮತ್ತು 50.

ಕರ್ನಾಟಕದಲ್ಲಿ ಶೀಟು ಮನೆಯೊಳಕ್ಕೆ ಬಂದ ದಾರಿ ಬೇರೆ. ಭಾರತದ ಪ್ಲೈವುಡ್ ಮೊದಲು ದುಡಿದದ್ದು ಚಹಾ ಪೆಟ್ಟಿಗೆಗಳಿಗೆ. 1962ರಲ್ಲಿ ಪ್ಲೈವುಡ್ ಉದ್ಯಮದ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಹುಟ್ಟಿ ತುಮಕೂರು ರಸ್ತೆಯಲ್ಲಿ ನೆಲೆಸಿತು. ಅಂಟು, ತೇವ, ಬಾಳಿಕೆಗಳ ಪರೀಕ್ಷೆ ಅಲ್ಲಿ ನಡೆಯಿತು. ತೇಗದ ಬೆಲೆ ಏರಿತು. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಮತ್ತು 2002ರ ಅಕ್ಟೋಬರ್ 30ರಂದು ಕೊಟ್ಟ ಆದೇಶಗಳಿಂದ ಕಾಡಿನ ಮರ ಕಡಿಯುವುದಕ್ಕೂ ಹೊಸ ಸಾಮಿಲ್ ತೆರೆಯುವುದಕ್ಕೂ ಕಟ್ಟುನಿಟ್ಟು ಬಂತು. ಕೇರಳದ ಪೆರುಂಬಾವೂರಿನ ರಬ್ಬರು ಮರದ ಪ್ಲೈ, ಯಮುನಾನಗರದ ಪಾಪ್ಲರ್ ಪ್ಲೈ ಲಾರಿಗಳಲ್ಲಿ ಬಂದವು. ಬಟ್ಟೆಯ ಕಪಾಟಿನ ಆಳ 24 ಇಂಚು, ಅಡುಗೆಮನೆ ಕಟ್ಟೆ ಕೆಳಗಿನ ಪೆಟ್ಟಿಗೆಯದು ಅದಕ್ಕೆ ಸ್ವಲ್ಪ ಕಡಿಮೆ ಎಂಬ ಲೆಕ್ಕ ನಿಂತಿತು. 18 ಮಿ.ಮೀ. ದಪ್ಪದ ಒಂದು ಪೂರ್ತಿ ಶೀಟು 30 ಕಿಲೋ ಮೀರುತ್ತದೆ. ಐದಿಂಚಿನ ಚೌಕಟ್ಟು ಮರಕ್ಕೆಂದು ಕೊಂಡ ಯಂತ್ರದ ಮೇಲೆ ಅದನ್ನಿಟ್ಟರೆ ಮುಕ್ಕಾಲು ಪಾಲು ಗಾಳಿಯಲ್ಲಿ ತೂಗುತ್ತದೆ. ಕೊಯ್ತ ಮುಗಿಯುವ ಹೊತ್ತಿಗೆ ತುಂಡು ಬಾಗಿ ಬ್ಲೇಡನ್ನು ಹಿಂದಿನಿಂದ ಕಚ್ಚುತ್ತದೆ. ಬ್ಲೇಡು ಅದನ್ನು ಕೆಲಸಗಾರನ ಹೊಟ್ಟೆಯತ್ತ ಎಸೆಯುತ್ತದೆ. ಬೆರಳು ಕಳೆದುಕೊಂಡ ಬಡಗಿಗಳನ್ನು ನಾವೆಲ್ಲ ನೋಡಿದ್ದೇವೆ. ಬ್ಲೇಡಿಗೆ ಮುಚ್ಚಳ, ಸೀಳುಪಟ್ಟಿ, ನೂಕುಕೋಲುಗಳ ಜೊತೆಗೆ ಅಗಲ ಮೇಜನ್ನೂ ರಕ್ಷಣೆಯ ಸಾಧನವೆಂದೇ ನೋಡಬೇಕು. ಅದನ್ನು ಅನುಕೂಲಕ್ಕೆಂದು ಹಾಕಿಸಿಕೊಳ್ಳುವ ಹೆಚ್ಚುವರಿ ಎಂದು ಎಣಿಸುವುದು ತಪ್ಪು.

ಇನ್ನು ಜೋಡಿಸುವ ವಿದ್ಯೆ. ಮೂರು ಬಗೆಯ ಪಕ್ಕದ ಮೇಜುಗಳು ಬಳಕೆಯಲ್ಲಿವೆ: ಕೆಳಗೆ ಏಣುಗಳಿರುವ ಬೀಡಿನ ತುಂಡು, ಮಡಚಿದ ಉಕ್ಕಿನ ತಗಡು, ಆಂಗಲ್ ಚೌಕಟ್ಟಿನ ಮೇಲೆ ಮೈಕಾ ಅಂಟಿಸಿದ ಪ್ಲೈ. ಮೊದಲನೆಯದು ಶ್ರೇಷ್ಠ, ಆದರೆ ಮೇಜಿನ ಪಾರ್ಶ್ವವನ್ನು ಕಾರ್ಖಾನೆಯಲ್ಲೇ ಉಜ್ಜಿ ಸಮ ಮಾಡಿರಬೇಕು. ಎರಕದ ಒರಟು ಮೈ ಹಾಗೇ ಇದ್ದರೆ ಅಥವಾ ಬಣ್ಣದ ಹನಿ ಒಣಗಿದ್ದರೆ ಎಷ್ಟು ಬಿಗಿದರೂ ಸಂದು ಕೂಡುವುದಿಲ್ಲ. ಆದ್ದರಿಂದ ಅರದಿಂದ ತೆಗೆಯುವುದು ಮೊದಲ ಕೆಲಸ. ಬೋಲ್ಟುಗಳನ್ನು ಸಡಿಲವಾಗಿ ಹಾಕಿ, ಮುಂಭಾಗದ ಮೂಲೆಯಲ್ಲಿ ಎರಡೂ ಮೇಜುಗಳನ್ನು ಉಗುರು ತಾಗದಂತೆ ಸಮಗೊಳಿಸಿ ಒಂದನ್ನು ಬಿಗಿದು, ಅಲ್ಲಿಂದ ಹಿಂದಕ್ಕೆ ಒಂದೊಂದಾಗಿ ಬಿಗಿಯುತ್ತ ಹೋಗಬೇಕು. ಆಮೇಲೆ ಉದ್ದ ನೇರಪಟ್ಟಿಯನ್ನು ಅಡ್ಡಲಾಗಿ ಇಟ್ಟು ನೋಡಿದರೆ ಹೊರತುದಿ ಇಳಿದಿದೆಯೋ ಎದ್ದಿದೆಯೋ ತಿಳಿಯುತ್ತದೆ. ಇಳಿದಿದ್ದರೆ ಬೋಲ್ಟಿನ ಸಾಲಿನ ಕೆಳಗೆ, ಎದ್ದಿದ್ದರೆ ಮೇಲೆ, ಸಂದಿನೊಳಗೆ ತೆಳು ತಗಡು ತೂರಿಸಿ ಮತ್ತೆ ಬಿಗಿಯಬೇಕು. ಬೀಡು ಬಾಗುವ ಲೋಹವಲ್ಲ, ಸೀಳುವ ಲೋಹ. ಪಾನೆಯ ಹಿಡಿಗೆ ಪೈಪು ತೊಡಿಸಿ ಬಲವಂತ ಮಾಡಿದರೆ ಅಂಚಿನ ಕಿವಿ ಮುರಿದು ಕೈಗೆ ಬರುತ್ತದೆ.

ಹೊಸಹಳ್ಳಿಯಂಥ ಕಡೆ ಹೆಚ್ಚಾಗಿ ಹೊಂದುವುದು ಮೂರನೆಯ ಬಗೆ. ಆಂಗಲ್ಲನ್ನು ಮೇಜಿನ ಪಾರ್ಶ್ವಕ್ಕೆ ಬೋಲ್ಟು ಮಾಡಿ, ಅದರ ತೂತನ್ನು ಮೇಲೆ ಕೆಳಗೆ ಉದ್ದ ಬಿಟ್ಟು, ಎತ್ತರ ಹೊಂದಿಸಿಕೊಳ್ಳುವುದು ಇದರ ಜಾಣ್ಮೆ. ಪ್ಲೈ ಮಳೆಗಾಲದಲ್ಲಿ ತೇವ ಕುಡಿದು ಉಬ್ಬುತ್ತದೆ, ಮಾರ್ಚಿನಲ್ಲಿ ಒಣಗಿ ಇಳಿಯುತ್ತದೆ. ಬೀಡು ಅದಕ್ಕೆ ಜಗ್ಗುವುದಿಲ್ಲ. ಹಾಗಾಗಿ ಕೆಳಮೈಗೂ ಮೈಕಾ ಹಾಕಬೇಕು. ಮೇಲ್ಮಟ್ಟವನ್ನು ಬೀಡಿಗಿಂತ ಕೂದಲೆಳೆಯಷ್ಟು ಕೆಳಗಿಡುವುದು ಕ್ಷೇಮ. ಹೊರತುದಿಗೆ ಕಾಲು ಕೊಡುವ ಮುನ್ನ ಯಂತ್ರವನ್ನೊಮ್ಮೆ ನೋಡಬೇಕು. ರಂದಾ ಮತ್ತು ಗರಗಸ ಎರಡೂ ಇರುವ ಅಗ್ಗದ ಯಂತ್ರಗಳಲ್ಲಿ ಕೆಲವು ಕೊಯ್ತದ ಆಳಕ್ಕಾಗಿ ಮೇಜನ್ನೇ ಏರಿಸಿ ಇಳಿಸುತ್ತವೆ. ಅಂಥದಕ್ಕೆ ನೆಲಕ್ಕೂರಿದ ಕಾಲು ಕೊಟ್ಟರೆ ಮೇಜು ಬಂಧಿಯಾಗುತ್ತದೆ. ಓರೆಗಂಬಿಯ ಆಸರೆಯೇ ಬೇಕು.

ಜಾಗದ ಮಿತಿ ಪಕ್ಕದ ಮೇಜಿಗೆ ಇನ್ನೊಂದು ರೂಪ ಕೊಟ್ಟಿತು. ಎಂಟಡಿ ಶೀಟನ್ನು ಉದ್ದಕ್ಕೆ ಕೊಯ್ಯಲು ಬ್ಲೇಡಿನ ಮುಂದೆ ಎಂಟಡಿ, ಹಿಂದೆ ಎಂಟಡಿ ಖಾಲಿ ಇರಬೇಕು. 20×30 ಸೈಟಿನ ಕೆಳಮನೆಯ ಅಂಗಡಿಗೆ ಅದು ಅರ್ಧ ಅಂಗಡಿ. ಹೀಗಾಗಿ ಕೀಲು ಹಾಕಿ ಮಡಚಿಡುವ ಮೇಜು, ಗೋಡೆಗೆ ಒರಗಿಸಿಟ್ಟು ಬೇಕಾದಾಗ ಸಿಕ್ಕಿಸುವ ಮೇಜು ಸೂಕ್ತವಾದವು. ಜರ್ಮನಿಯ ವಿಲ್ಹೆಲ್ಮ್ ಆಲ್ಟೆನ್‌ಡಾರ್ಫ್ 1906ರಲ್ಲೇ ಜಾರುವ ಮೇಜಿನ ಗರಗಸ ರೂಪಿಸಿದ್ದ. ಅದರ ವಂಶದ ಪ್ಯಾನಲ್ ಸಾ ಇಂದು ದೊಡ್ಡ ಮಾಡ್ಯುಲರ್ ಕಿಚನ್ ಕಾರ್ಖಾನೆಗಳಲ್ಲಿ ದುಡಿಯುತ್ತಿದೆ. ಗಲ್ಲಿಯ ಅಂಗಡಿಗೆ ಅದರ ಬೆಲೆಯೂ ಉದ್ದವೂ ಎಟುಕುವುದಿಲ್ಲ. ಸೈಟಿನಲ್ಲಿ ದುಡಿಯುವ ಎಷ್ಟೋ ಬಡಗಿಗಳು ಕೈ ಕಟರನ್ನು ಪ್ಲೈ ಹಲಗೆಗೆ ತಲೆಕೆಳಗಾಗಿ ಬಿಗಿದು ಮೇಜು ಮಾಡಿಕೊಳ್ಳುತ್ತಾರೆ. ಮುಚ್ಚಳವಿಲ್ಲದ ಆ ಏರ್ಪಾಟಿಗಿಂತ ಹಳೆಯ ಬೀಡಿನ ಮೇಜಿಗೆ ಸರಿಯಾಗಿ ಜೋಡಿಸಿದ ಪಕ್ಕದ ಮೇಜು ನೂರು ಪಾಲು ಉತ್ತಮ.

ಈ ಚರಿತ್ರೆಗೆ ದಾಖಲೆ ಮೇಜಿನ ಅಂಚಿನಲ್ಲೇ ಇದೆ. ಕಾರ್ಖಾನೆಯಲ್ಲಿ ಕೊರೆದ ತೂತು ಒಂದೇ ಸಾಲಿನಲ್ಲಿ, ಒಂದೇ ಅಂತರದಲ್ಲಿ ಇರುತ್ತದೆ. ಆಮೇಲೆ ಅಂಗಡಿಯಲ್ಲಿ ಕೈ ಡ್ರಿಲ್ಲಿನಿಂದ ಕೊರೆದದ್ದು ತುಸು ಓರೆಯಾಗಿ, ಸಾಲು ತಪ್ಪಿ ಇರುತ್ತದೆ. ಬ್ಲೇಡಿನ ಬಲಕ್ಕೆ ಸವೆದು ಹೊಳೆಯುವ ಪಟ್ಟಿ ಎಷ್ಟು ಅಗಲವಿದೆ ಎಂಬುದರಿಂದ ಆ ಯಂತ್ರ ಚೌಕಟ್ಟು ಮರ ಹೆಚ್ಚು ಕಂಡಿತೋ ಶೀಟು ಹೆಚ್ಚು ಕಂಡಿತೋ ಊಹಿಸಬಹುದು. ಇಂಥ ಮೇಜುಗಳು ಈಗ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗಿ ಮತ್ತೆ ಕರಗುತ್ತಿವೆ. ನಿಮ್ಮ ಅಂಗಡಿಯಲ್ಲೋ ನಿಮ್ಮ ತಂದೆಯವರ ಅಂಗಡಿಯಲ್ಲೋ ಅಂಥದೊಂದು ಇದ್ದರೆ, ಮಾರುವ ಮುನ್ನ ಅದರ ಮೇಲಿನ ಎರಕದ ಗುರುತು, ಅಗಲ, ಅಂಚಿನ ತೂತುಗಳ ಅಂತರ, ಜೋಡಿಸಿದ ಮೇಜಿನ ಅಳತೆ ಇಷ್ಟನ್ನು ಬರೆದಿಟ್ಟು ನಾಲ್ಕು ಫೋಟೊ ತೆಗೆದಿಡಿ. ಅದನ್ನು ಯಾರು, ಯಾವ ಕೆಲಸಕ್ಕೆ ಜೋಡಿಸಿದರೆಂದು ಮನೆಯ ಹಿರಿಯರನ್ನು ಕೇಳಿ ಅದನ್ನೂ ಸೇರಿಸಿ.