ಅಪ್‌ಡೇಟ್ ಆದ್ಮೇಲೆ ಫೋನ್ ಕೈಕೊಡ್ತಾ? ರೀಸೆಟ್ ಹೊಡೆಯೋ ಮುಂಚೆ ಇದನ್ನ ಓದಿ

ಮೈಸೂರು: ರಾತ್ರಿ ಫೋನ್ ಅಪ್‌ಡೇಟ್ ಆಗಿದೆ. ಬೆಳಗ್ಗೆ ಅಂಗಡಿ ಬಾಗಿಲು ತೆಗೆದರೆ ಯುಪಿಐ ಆ್ಯಪ್ ಓಪನ್ ಆಗ್ತಿಲ್ಲ. ಗಾಬರಿ ಬೇಡ. ಕೌಂಟರ್ ಮೇಲಿನ ಕ್ಯೂಆರ್ ಕೋಡ್‌ಗೆ ಗಿರಾಕಿ ಹಾಕಿದ ದುಡ್ಡು ನಿಮ್ಮ ಖಾತೆಗೆ ಬರುತ್ತೆ. ಬ್ಯಾಂಕ್ ಮೆಸೇಜ್ ನೋಡಿಕೊಳ್ಳಿ.

‘ರೀಸೆಟ್ ಮಾಡಿದ್ರೆ ಹಳೇ ವರ್ಷನ್ ಬರುತ್ತೆ’ ಅನ್ನೋದು ತಪ್ಪು ತಿಳಿವಳಿಕೆ. ಫ್ಯಾಕ್ಟರಿ ರೀಸೆಟ್‌ನಿಂದ ಫೋನಿನಲ್ಲಿರೋ ಫೋಟೊ, ಲೆಕ್ಕ ಅಳಿಸುತ್ತೆ. ಹೊಸ ವರ್ಷನ್ ಹಾಗೇ ಉಳಿಯುತ್ತೆ.

ಮೊದಲು ಏನು ಮಾಡಬೇಕು?
* ಫೋನ್ ರೀಸ್ಟಾರ್ಟ್ ಮಾಡಿ, ಆ್ಯಪ್‌ಗಳನ್ನ ಅಪ್‌ಡೇಟ್ ಮಾಡಿ.
* ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪ್‌ನ ‘ಕ್ಲಿಯರ್ ಕ್ಯಾಶ್’ ಒತ್ತಿ. ‘ಕ್ಲಿಯರ್ ಡೇಟಾ’ ಮುಟ್ಟಬೇಡಿ.

ಹಳೇ ವರ್ಷನ್ ಬೇಕೇ ಬೇಕಾ?
* ಆಂಡ್ರಾಯ್ಡ್: ಕಂಪ್ಯೂಟರ್‌ಗೆ ಜೋಡಿಸಿ ಹಳೇ ಸಾಫ್ಟ್‌ವೇರ್ ಹಾಕಬೇಕು. ಸಾಮಾನ್ಯವಾಗಿ ಡೇಟಾ ಪೂರ್ತಿ ಹೋಗುತ್ತೆ. ಎಷ್ಟೋ ಮಾಡೆಲ್‌ಗಳಲ್ಲಿ ಕಂಪನಿಯೇ ಇದನ್ನ ತಡೆದಿರುತ್ತೆ. ಬೂಟ್‌ಲೋಡರ್ ಅನ್‌ಲಾಕ್ ಮಾಡಿಸಿದ್ರೆ ಬ್ಯಾಂಕ್ ಆ್ಯಪ್ ನಡೆಯದೇ ಇರಬಹುದು.
* ಐಫೋನ್: ಹಳೇ ಐಒಎಸ್‌ಗೆ ಆ್ಯಪಲ್ ಅವಕಾಶ ಕೊಡೋದು ಸಾಮಾನ್ಯವಾಗಿ ಸ್ವಲ್ಪ ದಿನ ಮಾತ್ರ.

ರಿಪೇರಿಗೆ ಕೊಡೋ ಮುಂಚೆ ಫೋಟೊ, ನಂಬರ್, ವಾಟ್ಸ್‌ಆ್ಯಪ್ ಬ್ಯಾಕಪ್ ತೆಗೆದಿಡಿ. ಯುಪಿಐ ಪಿನ್ ಯಾರಿಗೂ ಹೇಳಬೇಡಿ. ವಾರಂಟಿ ಇದ್ದೂ ಸರ್ವಿಸ್ ಸೆಂಟರ್‌ನವರು ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.