ಕೊಳ್ಳಗಳಲ್ಲಿ ಕ್ಯಾಮೆರಾ

ಕಣಿವೆಗೆ ನಮ್ಮ ಸೀಮೆಯವರ ಮಾತು ಕೊಳ್ಳ. ರಾಮದುರ್ಗದ ಕಡೆ ಸುರೇಬಾನದ ಬಳಿ ಶಬರಿಕೊಳ್ಳವಿದೆ. ಬೈಲಹೊಂಗಲದ ಕಡೆ ಸೊಗಲದಲ್ಲಿ ಜಲಪಾತದ ಮಗ್ಗುಲಿಗೇ ಸೋಮೇಶ್ವರನ ಗುಡಿಯಿದೆ. ಸವದತ್ತಿಗೂ ಮುನವಳ್ಳಿಗೂ ನಡುವೆ ಮಲಪ್ರಭೆ ಗುಡ್ಡವನ್ನೇ ಸೀಳಿಕೊಂಡು ಹರಿದ ನವಿಲುತೀರ್ಥವಿದೆ. ಅಲ್ಲಿ 1972ರಲ್ಲಿ ಅಣೆಕಟ್ಟಿನ ಕೆಲಸ ಮುಗಿದು ನದಿ ರೇಣುಕಾಸಾಗರವಾಯಿತು. ನೀರು ಕೊರೆದ ಆ ಕಂಡಿಯ ಮೊದಲಿನ ರೂಪವನ್ನು ಕಾಣಬೇಕೆನ್ನುವವರು ಈಗ ಹಳೆಯ ಚಿತ್ರವನ್ನೇ ಹುಡುಕಬೇಕು.

ಹಾಳು ಊರುಗಳ ಚಿತ್ರ ತೆಗೆಯುವ ಹುಚ್ಚು ಬಹಳ ಹಳೆಯದೇನಲ್ಲ. 1873ರಲ್ಲಿ ಅಮೆರಿಕೆಯ ಮರುಭೂಮಿಯ ಕ್ಯಾನ್ಯನ್ ಡಿ ಶೇ ಎಂಬ ಕಮರಿಯಲ್ಲಿ, ಬಂಡೆಯ ಸಂದಿನಲ್ಲಿ ಕಟ್ಟಿದ ಹಾಳು ಮನೆಗಳ ಚಿತ್ರವನ್ನು ಟಿಮೊತಿ ಓಸಲಿವನ್ ತೆಗೆದನು. ಮರುವರ್ಷ, 1874ರ ಜನವರಿಯಿಂದ ಮೇ ತನಕ, ಜೇಮ್ಸ್ ಬರ್ಜೆಸ್ ನಮ್ಮ ಬೆಳಗಾವಿ, ಕಲಾದಗಿ ಜಿಲ್ಲೆಗಳ ಪುರಾತನ ಅವಶೇಷಗಳನ್ನು ಸರ್ವೇಕ್ಷಿಸಿ ವರದಿ ಬರೆದನು. ಓಸಲಿವನ್ನನ ಕಾಲದ ಛಾಯಾಗ್ರಾಹಕನ ಪಾಡನ್ನು ನೆನೆಯಿರಿ! ಗಾಜಿನ ಫಲಕಕ್ಕೆ ಔಷಧಿ ಬಳಿದು, ಅದು ಹಸಿಯಿರುವಾಗಲೇ ಚಿತ್ರ ತೆಗೆದು, ಪಕ್ಕದ ಕತ್ತಲೆಯ ಡೇರೆಯಲ್ಲಿ ತೊಳೆಯಬೇಕು. ಬಿಸಿಲಿನಲ್ಲಿ ಫಲಕ ಒಣಗಿತೆಂದರೆ ಶ್ರಮವೆಲ್ಲ ವ್ಯರ್ಥ.

ಕಿತ್ತೂರಿಗೆ ಈ ಭಾಗ್ಯವೂ ದೊರೆಯಲಿಲ್ಲ. ಕೋಟೆ ಬಿದ್ದದ್ದು 1824ರ ಡಿಸೆಂಬರಿನಲ್ಲಿ. ಛಾಯಾಗ್ರಹಣದ ವಿದ್ಯೆ ಪ್ಯಾರಿಸಿನಲ್ಲಿ ಪ್ರಕಟವಾದದ್ದು 1839ರಲ್ಲಿ. ಹದಿನೈದೇ ವರ್ಷಗಳ ಅಂತರ. ಚೆನ್ನಮ್ಮನ ಅರಮನೆ ತುಂಬಿ ನಿಂತಿದ್ದಾಗಿನ ಚಿತ್ರ ಆದುದರಿಂದ ಎಂದಿಗೂ ಸಿಕ್ಕಲಾರದು. ಧ್ರುವತಾರೆಯನ್ನು ನೋಡುವುದಕ್ಕೆಂದು ಗೋಡೆಯಲ್ಲಿ ಇರಿಸಿದ್ದೆಂದು ಹೇಳುವ ಕೊಳವೆಯನ್ನು ಅಲ್ಲಿ ತೋರಿಸುತ್ತಾರೆ. ಅದರ ಚಿತ್ರ ತೆಗೆದರೆ ಬರಿಯ ತೂತು ಬರುತ್ತದೆ. ಕಣ್ಣಿಟ್ಟವರಿಗೆ ಮಾತ್ರ ಆಕಾಶ.

ಬಂಡೆಯ ಮೇಲಿನ ಚಿತ್ರಗಳನ್ನು ನೋಡಬೇಕಾದರೆ ಮಲಪ್ರಭೆಯ ಜೊತೆಗೆ ಇನ್ನಷ್ಟು ಪೂರ್ವಕ್ಕೆ, ಬಾದಾಮಿಯ ಸೀಮೆಗೆ ಹೋಗಬೇಕು. ಈ ನದಿಯ ದಂಡೆಗಳಲ್ಲಿ ಆದಿಮಾನವನ ಕಲ್ಲಿನ ಆಯುಧಗಳು ಹೇರಳ. ಆರ್. ವಿ. ಜೋಶಿಯವರು ಇವುಗಳ ಅಧ್ಯಯನವನ್ನು 1955ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಬಾದಾಮಿಯ ಗುಡ್ಡದಲ್ಲಿರುವ ಸಿಡಿಲಫಡಿ ಮರಳುಗಲ್ಲಿನ ದೊಡ್ಡದೊಂದು ಕಮಾನು. ಅದರ ಆಸರೆಯಲ್ಲಿ ಕೆಂಪು ಬಣ್ಣದ ಮೃಗಗಳೂ ಮನುಷ್ಯರೂ ಇದ್ದಾರೆ. ಚಾಲುಕ್ಯರ ಗುಹೆಗಳ ಮುಂದೆ ಸಾಲು ನಿಲ್ಲುವ ಜನ ಇಲ್ಲಿಯವರೆಗೆ ನಡೆಯುವುದು ಕಡಿಮೆ.

ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಮೊದಲ ಸಲ ಇಲ್ಲಿಗೆ ಬಂದಾಗ, ಬಣ್ಣ ಎದ್ದು ಕಾಣಲೆಂದು, ಕುಡಿಯುವ ನೀರನ್ನು ಬಂಡೆಗೆ ಚಿಮುಕಿಸಿ ಚಿತ್ರ ತೆಗೆದವನು ನಾನು. ಕೆಂಪು ಆಗಲೇ ಹೊಸತರಂತೆ ಹೊಳೆಯಿತು. ನೀರು ಆರುವಾಗ ಕಲ್ಲಿನೊಳಗಿನ ಲವಣವನ್ನು ಮೇಲಕ್ಕೆ ತಂದು ಬಿಳಿಯ ಪೊರೆ ಕಟ್ಟಿಸುತ್ತದೆಂಬುದನ್ನು ತಿಳಿದದ್ದು ಆಮೇಲೆ. ಶಾಸನದ ಅಕ್ಷರಗಳಿಗೆ ಸೀಮೆಸುಣ್ಣ ತಿಕ್ಕುವುದೂ ಇದೇ ಜಾತಿಯ ಅವಿವೇಕ. ಓರೆಬಿಸಿಲಿಗೆ ಕಾದರೆ ಸವದತ್ತಿಯ ರಟ್ಟರ ಶಾಸನಗಳು ತಾವೇ ಕಣ್ಣಿಗೆ ಬೀಳುತ್ತವೆ. ಮಾಸಿದ ಬಣ್ಣಕ್ಕೂ ಈಗ ಉಪಾಯವಿದೆ. ಡಿ-ಸ್ಟ್ರೆಚ್ ಎಂಬ ಗಣಕತಂತ್ರಕ್ಕೆ ಚಿತ್ರವನ್ನು ಒಪ್ಪಿಸಿದರೆ, ಬರಿಗಣ್ಣಿಗೆ ಕಾಣದ ಗೆರೆಗಳನ್ನೂ ಅದು ಬಣ್ಣಗಳ ಅಂತರವನ್ನು ಹಿಗ್ಗಿಸಿ ಎತ್ತಿ ತೋರುತ್ತದೆ. ಬಂಡೆಯನ್ನು ಮುಟ್ಟಬೇಕಾಗಿಯೇ ಇಲ್ಲ.

ನನ್ನ ಆ ಹಳೆಯ ಚಿತ್ರವನ್ನು ಯಾರಾದರೂ ಮೆಚ್ಚಿದರೆ ಇಂದಿಗೂ ಮುಜುಗರವಾಗುತ್ತದೆ. ಈಗ ಹೋದರೆ ನೀರಿನ ತಂಬಿಗೆಯನ್ನು ದೂರದಲ್ಲಿ ಇಟ್ಟು, ಬಂಡೆಯ ಮೇಲಿನ ಬಿಸಿಲು ಸರಿದು ಮೆದುನೆರಳು ಬೀಳುವ ತನಕ ಕುಳಿತಿರುತ್ತೇನೆ.