ನೆಗಡಿಯೆಂದು ಕಡೆಗಣಿಸಿದ ಜ್ವರ

ಅಂಟುಜಾಡ್ಯಗಳಲ್ಲಿ ಕೆಲವು ತಮ್ಮ ಬರವನ್ನು ಮೊದಲೇ ಸಾರಿ ಬರುತ್ತವೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಮನೆಯಲ್ಲಿ ಇಲಿ ಸತ್ತುಬಿದ್ದರೆ ಅದೇ ಎಚ್ಚರಿಕೆಯ ಡಂಗುರವೆಂಬುದನ್ನು ನಮ್ಮ ಹಿರಿಯರು ಬಹುಬೇಗ ಕಲಿತರು. ಮನೆಗೆ ಬೀಗ ಹಾಕಿ, ಊರ ಹೊರಗೆ ಗುಡಿಸಲು ಹಾಕಿಕೊಂಡು ಎಷ್ಟೋ ಮಂದಿ ಜೀವ ಉಳಿಸಿಕೊಂಡರು. ಇಪ್ಪತ್ತು ವರ್ಷಗಳ ತರುವಾಯ, 1918ರಲ್ಲಿ, ಬಂದ ಮತ್ತೊಂದು ಜಾಡ್ಯಕ್ಕೆ ಇಂಥ ಮುಂಗುರುತು ಯಾವುದೂ ಇರಲಿಲ್ಲ. ಅದು ಸೀನಿನೊಡನೆ, ಕೆಮ್ಮಿನೊಡನೆ, ಮೈಕೈ ನೋವಿನೊಡನೆ ಬಂದಿತು. ಆದುದರಿಂದ ಮೊದಲು ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದರ ಹೆಸರು ಇನ್‌ಫ್ಲುಯೆಂಜಾ.

ಈ ಹೆಸರಿನಲ್ಲಿಯೇ ಮನುಷ್ಯನ ಹಳೆಯ ಅಜ್ಞಾನದ ಕಥೆಯೊಂದು ಅಡಗಿದೆ. ಇಟಲಿಯ ಭಾಷೆಯಲ್ಲಿ ಈ ಮಾತಿಗೆ ಪ್ರಭಾವವೆಂದು ಅರ್ಥ. ಊರಿಗೆ ಊರೇ ಒಮ್ಮೆಗೆ ಮಲಗುವುದನ್ನು ಕಂಡ ಜನ, ಇದು ಗ್ರಹನಕ್ಷತ್ರಗಳ ಪ್ರಭಾವವೇ ಸರಿಯೆಂದು ಭಾವಿಸಿದರು. ಗ್ರಹಚಾರವೆಂಬ ಮಾತನ್ನು ದಿನಬೆಳಗಾದರೆ ಆಡುವ ನಾವು ಅವರನ್ನು ನೋಡಿ ನಗುವಂತಿಲ್ಲ.

ಮೊದಲನೆಯ ಮಹಾಯುದ್ಧವು ಮುಗಿಯುವ ಹಂತದಲ್ಲಿದ್ದ 1918ರ ಜೂನ್ ತಿಂಗಳಿನಲ್ಲಿ ಈ ಜ್ವರವು ಮುಂಬಯಿಯಲ್ಲಿ ಕಾಣಿಸಿಕೊಂಡಿತು. ಹಡಗುಗಳೂ ಸೈನಿಕರೂ ಬಂದುಹೋಗುತ್ತಿದ್ದ ಬಂದರದು. ಮೊದಲು ಕಾಯಿಲೆ ಬಿದ್ದವರಲ್ಲಿ ಅಲ್ಲಿ ಪಹರೆಯಲ್ಲಿದ್ದ ಪೋಲೀಸಿನವರಿದ್ದರು. ಆ ಮೊದಲ ಅಲೆಯು ಅಷ್ಟೇನೂ ಉಗ್ರವಾಗಿರಲಿಲ್ಲ. ಮೂರುನಾಲ್ಕು ದಿನ ಮಲಗಿ ಜನ ಎದ್ದು ತಿರುಗಾಡಿದರು, ಮರೆತರು. ಸೆಪ್ಟೆಂಬರಿನಲ್ಲಿ ಅದೇ ಜ್ವರ ಮರಳಿ ಬಂದಿತು. ಆದರೆ ಈ ಸಲ ಅದು ಶ್ವಾಸಕೋಶಕ್ಕಿಳಿದು ಕೆಲವೇ ದಿನಗಳಲ್ಲಿ ಪ್ರಾಣವನ್ನು ಒಯ್ಯತೊಡಗಿತು. ರೈಲುಗಾಡಿಯು ಅದನ್ನು ಒಳನಾಡಿಗೆ ಕೊಂಡೊಯ್ದಿತು. ಆ ವರ್ಷ ಮಳೆ ಹೋಗಿತ್ತು, ಧಾನ್ಯದ ಬೆಲೆ ಏರಿತ್ತು, ವೈದ್ಯರಲ್ಲಿ ಅನೇಕರು ಯುದ್ಧದ ಕೆಲಸಕ್ಕೆ ಹೋಗಿದ್ದರು. ಹಸಿದ ಮೈಗೆ ಜ್ವರ ಬಂದಾಗ ಆಗುವುದೆಲ್ಲವೂ ಆಯಿತು.

ಸಾಧಾರಣವಾಗಿ ಇಂಥ ಜ್ವರವು ಮುದುಕರನ್ನೂ ಎಳೆಯ ಮಕ್ಕಳನ್ನೂ ಬಾಧಿಸುವುದು. 1918ರಲ್ಲಿ ಇಪ್ಪತ್ತರಿಂದ ನಲವತ್ತು ವರ್ಷದೊಳಗಿನ ಗಟ್ಟಿಮುಟ್ಟಾದವರೇ ಹೆಚ್ಚಾಗಿ ಸತ್ತರು. ಅದರಲ್ಲಿಯೂ ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚಾಗಿ ಸತ್ತರೆಂಬುದು ನಾವು ತಲೆತಗ್ಗಿಸಿ ಓದಬೇಕಾದ ಸಂಗತಿ. ಕಾರಣವನ್ನು ಬಹಳ ದೂರ ಹುಡುಕಬೇಕಾಗಿಲ್ಲ. ರೋಗಿಯ ಮಗ್ಗುಲಲ್ಲಿ ರಾತ್ರಿಯೆಲ್ಲ ಕುಳಿತವಳು ಅವಳು. ಎಲ್ಲರಿಗೂ ಬಡಿಸಿ ಉಳಿದುದನ್ನು ಉಂಡವಳೂ ಅವಳೇ. ಹಿಂದೀ ಕವಿ ಸೂರ್ಯಕಾಂತ ತ್ರಿಪಾಠಿ ನಿರಾಲಾ ಅವರು ಈ ಜ್ವರದಲ್ಲಿ ಪತ್ನಿಯನ್ನೂ ಮನೆಯ ಇನ್ನೂ ಹಲವರನ್ನೂ ಕಳೆದುಕೊಂಡರು. ಗಂಗೆಯಲ್ಲಿ ತೇಲುತ್ತಿದ್ದ ಹೆಣಗಳನ್ನು ಕಂಡುದನ್ನು ಬರೆದಿಟ್ಟರು.

ಸತ್ತವರೆಷ್ಟು ಮಂದಿ? ಸರ್ಕಾರದ ಮೊದಲ ಅಂದಾಜು ಸುಮಾರು 60 ಲಕ್ಷ. ಮುಂದೆ ವಿದ್ವಾಂಸರು ಮಾಡಿದ ಲೆಕ್ಕಗಳು ಒಂದೂಕಾಲು ಕೋಟಿಯಿಂದ ಎರಡು ಕೋಟಿಯವರೆಗೆ ಹೋಗುತ್ತವೆ. ಇಂದಿನ ಭಾರತದ ಎಲ್ಲೆಯೊಳಗೆ 1911ರಲ್ಲಿ 25.21 ಕೋಟಿಯಿದ್ದ ಜನ 1921ರಲ್ಲಿ 25.13 ಕೋಟಿಗೆ ಇಳಿದಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ದೇಶದ ಜನಸಂಖ್ಯೆಯು ಹಿಂದೆ ಸರಿದ ದಶಕ ಅದೊಂದೇ. ಮೈಸೂರು ಸಂಸ್ಥಾನದ ಜನಸಂಖ್ಯೆ ಅದೇ ಹತ್ತು ವರ್ಷಗಳಲ್ಲಿ ಸುಮಾರು 58 ಲಕ್ಷದಿಂದ 60 ಲಕ್ಷವನ್ನು ಮುಟ್ಟಲಾರದೆ ನಿಂತಿತು.

ಆಗಿನ ವೈದ್ಯರು ಕೈಕಟ್ಟಿ ಕುಳಿತಿರಲಿಲ್ಲ. ಆದರೆ ಶತ್ರು ಯಾರೆಂಬುದೇ ಅವರಿಗೆ ತಿಳಿದಿರಲಿಲ್ಲ. 1892ರಲ್ಲಿ ಜರ್ಮನಿಯ ಫೈಫರ್ ಎಂಬ ಪಂಡಿತನು ಒಂದು ಬ್ಯಾಕ್ಟೀರಿಯಾವನ್ನು ಈ ಜಾಡ್ಯಕ್ಕೆ ಕಾರಣವೆಂದು ಹೇಳಿದ್ದನು. ಅದು ತಪ್ಪಾಗಿತ್ತು. 1933ರಲ್ಲಿ ಲಂಡನ್ನಿನಲ್ಲಿ ಸ್ಮಿತ್, ಆಂಡ್ರೂಸ್, ಲೇಡ್ಲಾ ಎಂಬ ಮೂವರು, ಮುಂಗುಸಿಯನ್ನು ಹೋಲುವ ಫೆರೆಟ್ ಎಂಬ ಸಣ್ಣ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ, ಮನುಷ್ಯರ ಇನ್‌ಫ್ಲುಯೆಂಜಾಕ್ಕೆ ಕಾರಣ ವೈರಸ್ ಎಂಬ ಅತಿಸೂಕ್ಷ್ಮ ವಸ್ತುವೆಂದು ತೋರಿಸಿದರು. 1945ರಲ್ಲಿ ಅಮೆರಿಕದಲ್ಲಿ ಇದರ ಲಸಿಕೆ ಸಾರ್ವಜನಿಕರ ಬಳಕೆಗೆ ಬಂದಿತು. ಗೆದ್ದೆವೆಂದು ಎಲ್ಲರೂ ನಿಟ್ಟುಸಿರು ಬಿಡುವಷ್ಟರಲ್ಲಿ, 1947ರಲ್ಲಿ, ಅದೇ ಲಸಿಕೆ ಫಲ ಕೊಡಲಿಲ್ಲ. ವೈರಸ್ಸು ವೇಷ ಬದಲಿಸಿತ್ತು.

ಈ ವೇಷಾಂತರವೇ ಜ್ವರದ ಮರ್ಮ. ವರ್ಷವರ್ಷವೂ ಅದು ತನ್ನ ಹೊರಮೈಯನ್ನು ಸ್ವಲ್ಪ ಸ್ವಲ್ಪವಾಗಿ ಮಾರ್ಪಡಿಸಿಕೊಳ್ಳುತ್ತದೆ. ಹಿಂದಿನ ಜ್ವರದಿಂದ ನಮ್ಮ ದೇಹವು ಕಲಿತ ಪಾಠ ಈ ವರ್ಷಕ್ಕೆ ಪೂರ್ತಿ ಸಾಲದು. ಎಂದಾದರೊಮ್ಮೆ ಅದು ಪೂರ್ಣವಾಗಿ ಹೊಸ ರೂಪದಿಂದ ಬಂದು ಲೋಕವನ್ನೆಲ್ಲ ಸುತ್ತುತ್ತದೆ. 1957, 1968, 2009 ಅಂಥ ವರ್ಷಗಳು. ಆದುದರಿಂದಲೇ 1952ರಿಂದ ವಿಶ್ವ ಆರೋಗ್ಯ ಸಂಸ್ಥೆಯು ನಾನಾ ದೇಶಗಳ ಪ್ರಯೋಗಶಾಲೆಗಳ ಮೂಲಕ ಈ ವೈರಸ್ಸಿನ ಮೇಲೆ ಕಣ್ಣಿಟ್ಟಿದೆ. ಲಸಿಕೆಯಲ್ಲಿ ಏನಿರಬೇಕೆಂದು ವರ್ಷಕ್ಕೆ ಎರಡು ಬಾರಿ ನಿರ್ಣಯವಾಗುತ್ತದೆ. ಒಮ್ಮೆ ಹಾಕಿಸಿಕೊಂಡೆವಲ್ಲ, ಮತ್ತೇಕೆ, ಎಂಬ ಪ್ರಶ್ನೆಗೆ ಉತ್ತರ ಇದೇ.

ಇಷ್ಟೆಲ್ಲ ತಿಳಿದ ಮೇಲೆಯೂ ನಾವು ಮಾಡುವುದೇನು? ಬರಿಯ ನೆಗಡಿಯೆಂದು ಹೇಳಿ ಕಚೇರಿಗೆ ಹೋಗುತ್ತೇವೆ, ಮದುವೆಮನೆಗೆ ಹೋಗುತ್ತೇವೆ, ಮಕ್ಕಳನ್ನು ಶಾಲೆಗೆ ಕಳುಹಿಸುತ್ತೇವೆ. ಪ್ರಪಂಚದಲ್ಲಿ ಈಗಲೂ ಪ್ರತಿವರ್ಷ 2.9 ಲಕ್ಷದಿಂದ 6.5 ಲಕ್ಷ ಮಂದಿ ಈ ಋತುಜ್ವರದಿಂದ ಉಂಟಾಗುವ ಶ್ವಾಸಕೋಶದ ಉಪದ್ರವಗಳಿಂದ ಸಾಯುತ್ತಾರೆ. ನಮ್ಮ ದೇಶದಲ್ಲಿ ಜನವರಿಯಿಂದ ಮಾರ್ಚಿಯವರೆಗೆ ಒಮ್ಮೆ, ಮಳೆಗಾಲದಲ್ಲಿಯೂ ಅದರ ಹಿಂದೆಯೇ ಬರುವ ದಿನಗಳಲ್ಲಿಯೂ ಮತ್ತೊಮ್ಮೆ ಇದು ಹೆಚ್ಚುತ್ತದೆ. ಜ್ವರ ಕಾಣುವುದಕ್ಕೆ ಒಂದು ದಿನ ಮುಂಚಿನಿಂದ ಐದಾರು ದಿನಗಳವರೆಗೆ ರೋಗಿಯಿಂದ ಇತರರಿಗೆ ಅಂಟಬಹುದು.

ಉಪಾಯಗಳು ಕಷ್ಟದವಲ್ಲ. ಜ್ವರ ಬಂದವರು ಮನೆಯಲ್ಲಿ ಮಲಗಿ ವಿಶ್ರಾಂತಿ ಪಡೆಯಬೇಕು. ಕೆಮ್ಮುವಾಗ ಬಟ್ಟೆಯನ್ನೋ ಮೊಳಕೈಯನ್ನೋ ಬಾಯಿಗೆ ಅಡ್ಡ ಹಿಡಿಯಬೇಕು; ಕೈಗಳನ್ನು ಸಾಬೂನಿನಿಂದ ತೊಳೆಯಬೇಕು; ಕೋಣೆಯ ಕಿಟಕಿಗಳನ್ನು ತೆರೆದಿಡಬೇಕು. ಗಂಜಿ, ನೀರು ಧಾರಾಳವಾಗಿ ಸಲ್ಲಬೇಕು. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಔಷಧಿಗಳು ವೈರಸ್ಸಿನ ಮೇಲೆ ಕೆಲಸ ಮಾಡಲಾರವು. ಅವನ್ನು ತಾವೇ ಅಂಗಡಿಯಿಂದ ತಂದು ನುಂಗಬಾರದು. ಉಸಿರಾಟಕ್ಕೆ ಕಷ್ಟವಾದರೆ, ಎದೆ ನೋಯುತ್ತಿದ್ದರೆ, ಬುದ್ಧಿ ಮಂಕಾದರೆ, ಇಳಿದ ಜ್ವರ ಮತ್ತೆ ಏರಿದರೆ, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ವೃದ್ಧರು, ಗರ್ಭಿಣಿಯರು, ಎಳೆಯ ಮಕ್ಕಳು, ಸಕ್ಕರೆ ಕಾಯಿಲೆ, ಹೃದ್ರೋಗ, ಉಬ್ಬಸಗಳಿಂದ ನರಳುವವರು ಪ್ರತಿವರ್ಷದ ಲಸಿಕೆಯ ವಿಷಯವನ್ನು ವೈದ್ಯರೊಡನೆ ವಿಚಾರಿಸುವುದು ಒಳ್ಳೆಯದು. ಅದರ ರಕ್ಷಣೆ ಮೈಗೂಡಲು ಸುಮಾರು ಎರಡು ವಾರ ಹಿಡಿಯುವುದರಿಂದ, ಜ್ವರದ ಕಾಲಕ್ಕೆ ಮುಂಚಿತವಾಗಿಯೇ ಹಾಕಿಸಿಕೊಳ್ಳಬೇಕು.

ಕೊನೆಯದಾಗಿ ಒಂದು ಮಾತು. ಮನೆಯಲ್ಲಿ ಜ್ವರ ಬಂದಾಗ ರೋಗಿಯನ್ನು ಕೇಳುವಂತೆಯೇ ಶುಶ್ರೂಷೆ ಮಾಡುವವರನ್ನೂ ಕೇಳೋಣ: ನೀವು ಉಂಡಿರಾ, ಮಲಗಿದಿರಾ, ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದೀರಾ, ಎಂದು. 1918ರಲ್ಲಿ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆಯನ್ನು ಕೇಳುವವರು ಇರಲಿಲ್ಲ. ಇಂದು ಕೇಳಬೇಕಾದವರು ನಾವು.